ಪರವಾಗಿಲ್ಲ ಅಂದರೆ ಎಷ್ಟು ನಂಬರು?

ಬೆಲ್ ಒತ್ತಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲಬೇಕು. ಬಾಗಿಲಿಗೆ ಮೂಗು ತಾಗಿಸಿಕೊಂಡು ನಿಂತವನಿಗೆ ಯಾರೂ ಬಾಗಿಲು ತೆಗೆಯುವುದಿಲ್ಲ. ಕೈಯಲ್ಲಿ ಪುಸ್ತಕ ಕಂಡರೆ ಧರ್ಮಪ್ರಚಾರದವನು ಅನ್ನುತ್ತಾರೆ, ಬರಿಗೈಯಲ್ಲಿದ್ದರೆ ಸೋಲಾರ್ ಮಾರುವವನು ಅನ್ನುತ್ತಾರೆ. ನಾಯಿಯ ಬಗ್ಗೆ ಎಚ್ಚರಿಕೆಯ ಬೋರ್ಡು ಹಾಕಿದ ಮನೆಗೆ ಧೈರ್ಯವಾಗಿ ಹೋಗಬಹುದು, ಆ ನಾಯಿ ಸತ್ತು ಎಷ್ಟೋ ವರ್ಷವಾಗಿರುತ್ತದೆ. ಬೋರ್ಡಿಲ್ಲದ ಮನೆಯಲ್ಲೇ ಕಚ್ಚುವುದು. ಇದನ್ನೆಲ್ಲ ನನಗೆ ಯಾವ ಟ್ರೇನಿಂಗಿನಲ್ಲೂ ಹೇಳಿಕೊಡಲಿಲ್ಲ. ಎಡಗಾಲಿನ ಮೀನಖಂಡದಲ್ಲಿ ಎರಡು ಹಲ್ಲಿನ ಗುರುತಿದೆ, ಅದೇ ನನ್ನ ಸರ್ಟಿಫಿಕೇಟು.

ಈ ಕೆಲಸಕ್ಕೆ ಈಗ ಸೇರುವ ನಿಮ್ಮಂಥ ಹುಡುಗ ಹುಡುಗಿಯರು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಬರುತ್ತೀರಿ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಅರಸೀಕೆರೆಯಿಂದ ತಿಪಟೂರಿಗೆ ಓಡಾಡುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ನನ್ನ ಹೆಂಡತಿ ಸರೋಜ ನರ್ಸು. ಆಸ್ಟ್ರೇಲಿಯಕ್ಕೆ ಬೇಕಾಗಿದ್ದದ್ದು ಅವಳು. ನಾನು ಅವಳ ವೀಸಾದ ಬಾಲ ಹಿಡಿದುಕೊಂಡು ಸಿಡ್ನಿಗೆ ಬಂದೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬಂದ ಮೂರನೇ ವಾರದಿಂದ ದುಡಿದಿದ್ದೇನೆ. ಮೊದಲು ಆಫೀಸುಗಳ ನೆಲ ಒರೆಸಿದೆ. ಆಮೇಲೆ ಹದಿನೇಳು ವರ್ಷ, ಸಿಡ್ನಿಯಲ್ಲಿ, ನಡುನಡುವೆ ಮೆಲ್ಬರ್ನಿನಲ್ಲಿ, ಮನೆಮನೆಗೆ ಹೋಗಿ ಜನರನ್ನು ಪ್ರಶ್ನೆ ಕೇಳಿದೆ. ಸಮಾಜ ಹೇಗೆ ಬದಲಾಗುತ್ತಿದೆ ಅನ್ನುವುದನ್ನು ದೊಡ್ಡವರು ಪುಸ್ತಕದಲ್ಲಿ ಬರೆಯುತ್ತಾರಲ್ಲ, ಆ ಪುಸ್ತಕದ ಕೆಳಗೆ ನಮ್ಮಂಥವರ ಚಪ್ಪಲಿ ಸವೆದಿರುತ್ತದೆ.

ನೆಲ ಒರೆಸುತ್ತಿದ್ದ ಆಫೀಸೊಂದು ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಅನ್ನುವ ಬಡಾವಣೆಯಲ್ಲಿತ್ತು. ಅಲ್ಲಿದ್ದದ್ದು ಇಂಥ ಸರ್ವೇ ನಡೆಸುವ ಒಂದು ಸಣ್ಣ ಕಂಪನಿ. ಅದರ ಫೀಲ್ಡ್ ಸೂಪರ್ವೈಸರು ಜೂಡಿ ಅನ್ನುವ ಹೆಂಗಸು. ಗಂಟಲು ದಪ್ಪ, ಕೂದಲು ಗಿಡ್ಡ, ಮುಖದ ಮೇಲೆ ನಗು ಬರಬೇಕಾದರೆ ಮೊದಲು ಅರ್ಜಿ ಹಾಕಬೇಕು. ಒಂದು ಸಂಜೆ ಆಕೆ ಫೋನಿನಲ್ಲಿ ಯಾರಿಗೋ, "ಕನ್ನಡ ಮಾತಾಡುವವರು ಒಬ್ಬರೂ ಸಿಗುತ್ತಿಲ್ಲ" ಅನ್ನುತ್ತಿದ್ದಳು. ನಾನು ಒರೆಸುವ ಕೋಲು ಗೋಡೆಗೆ ಒರಗಿಸಿ, "ಮೇಡಂ, ಐ ಆಮ್ ಕನ್ನಡ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪರಿಚಿತರ ಜೊತೆ ಮಾತಾಡಿ ಅಭ್ಯಾಸ ಇದೆಯಾ?" ಅಂತ ಕೇಳಿದಳು.

"ಕಂಡಕ್ಟರ್ ಮೇಡಂ. ಹದಿನಾಲ್ಕು ವರ್ಷ. ಓನ್ಲಿ ಅಪರಿಚಿತರು."

ಮಾರನೇ ವಾರ ಬ್ಯಾಡ್ಜು ಕೊಟ್ಟರು. ಚನ್ನಬಸವಯ್ಯ ಅನ್ನುವ ಹೆಸರು ಉದ್ದವಾಯಿತು, 'ಚಾನ್' ಅಂತ ಹಾಕೋಣವೇ ಅಂದರು. ನಾನು ಒಪ್ಪಲಿಲ್ಲ. ಅಪ್ಪ ಇಟ್ಟ ಹೆಸರಿನಲ್ಲಿ ಒಂದಕ್ಷರ ಕಡಿಮೆಯಾದರೂ ಆ ಬ್ಯಾಡ್ಜು ನನಗೆ ಬೇಡ ಅಂದೆ. ಪೂರ್ತಿ ಹೆಸರು ಎರಡು ಸಾಲಿನಲ್ಲಿ ಬಂತು. ಅದರಿಂದ ಲಾಭವೇ ಆಯಿತು. ಬಾಗಿಲು ತೆಗೆದವರು ಅದನ್ನು ಓದಿ ಮುಗಿಸುವಷ್ಟರಲ್ಲಿ ನಾನು ಮೊದಲನೇ ಪ್ರಶ್ನೆ ಕೇಳಿ ಮುಗಿಸಿರುತ್ತಿದ್ದೆ.

ಪ್ರಶ್ನೆಗಳು ನಮ್ಮವಲ್ಲ, ಅಮೆರಿಕದವು. ಅಲ್ಲಿನ ವಿದ್ವಾಂಸರು ತಮ್ಮ ಜನ ಹೇಗೆ ಬದಲಾಗುತ್ತಿದ್ದಾರೆ ಅಂತ ತಿಳಿಯುವುದಕ್ಕೆ ಅವವೇ ಪ್ರಶ್ನೆಗಳನ್ನು ವರ್ಷ ಬಿಟ್ಟು ವರ್ಷ ಕೇಳುತ್ತಾರಂತೆ. ಕೆಲಸದಲ್ಲಿ ತೃಪ್ತಿ ಇದೆಯೇ, ನೆರೆಯವರನ್ನು ನಂಬುತ್ತೀರಾ, ದೇವರ ಹತ್ತಿರ ಎಷ್ಟು ಸಲ ಹೋಗುತ್ತೀರಿ, ಇಂಥವು. ಇಲ್ಲಿಗೆ ವಲಸೆ ಬಂದವರನ್ನೂ ಅವನ್ನೇ ಕೇಳಿ, ಅಮೆರಿಕದವರ ಉತ್ತರದ ಪಕ್ಕದಲ್ಲಿಟ್ಟು ನೋಡುವುದು ಯೋಜನೆ. ಒಂದು ಪ್ರಶ್ನೆ ಬಿಟ್ಟರೂ ಹೋಲಿಕೆ ಕೆಡುತ್ತದೆ ಅಂತ ಜೂಡಿಯ ಕಟ್ಟಪ್ಪಣೆ.

ಹಾಗಾಗಿ ಸಿಡ್ನಿಯ ಪ್ಯಾರಮಟ್ಟಾದ ಒಂದು ಅಪಾರ್ಟ್‌ಮೆಂಟಿನಲ್ಲಿ, ಮೈಸೂರಿನ ಒಬ್ಬ ನಿವೃತ್ತ ಪ್ರೊಫೆಸರರ ಮನೆಯಲ್ಲಿ ಕೂತು, ಮಡಿಸಿದ ಸೀರೆಗಳ ಪಕ್ಕದಲ್ಲಿ, "ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ?" ಅಂತ ಕೇಳುವ ಪ್ರಸಂಗ ಬಂತು.

ಪ್ರೊಫೆಸರರ ಹೆಂಡತಿ ಗಾಬರಿಯಾದರು. "ಬಂದೂಕಾ? ನಮ್ಮನೇಲಿ ತೆಂಗಿನಕಾಯಿ ಒಡೆಯೋ ಕತ್ತಿನೇ ಇಲ್ಲ. ಯಾರ್ರೀ ಹೇಳಿದ್ದು ಹಾಗಂತ?"

"ಯಾರೂ ಹೇಳಿಲ್ಲಮ್ಮ, ಇದು ಅಮೆರಿಕದೋರ ಪ್ರಶ್ನೆ."

"ಅಮೆರಿಕದೋರಿಗೆ ನಮ್ಮನೆ ಅಡ್ರೆಸ್ಸು ಹೇಗೆ ಸಿಕ್ತು?"

ಮುಂದಿನ ಪ್ರಶ್ನೆ ಪೂಜೆ ಪ್ರಾರ್ಥನೆಯದು. ಇಂಗ್ಲಿಷಿನಲ್ಲಿ 'ಸರ್ವೀಸ್' ಅಂತಿತ್ತು. ಅನುವಾದ ಮಾಡಿದ ಪುಣ್ಯಾತ್ಮರು 'ಧಾರ್ಮಿಕ ಸೇವೆ' ಅಂತ ಬರೆದಿದ್ದರು. ಎಷ್ಟು ದಿನಕ್ಕೊಮ್ಮೆ ಧಾರ್ಮಿಕ ಸೇವೆಯಲ್ಲಿ ಪಾಲ್ಗೊಳ್ಳುತ್ತೀರಿ ಅಂದದ್ದಕ್ಕೆ ಆಕೆ ಕಣ್ಣರಳಿಸಿ, "ಯಾವ ಸೇವೆ? ಅರ್ಚನೇನಾ, ಅಭಿಷೇಕಾನಾ? ಏನೇನಿದೆ ಅಂತ ಲಿಸ್ಟ್ ಕೊಡಿ, ಹೇಳ್ತೀನಿ" ಅಂದರು. ಕಾರ್ಡಿನಲ್ಲಿ ಆ ಲಿಸ್ಟು ಇರಲಿಲ್ಲ.

ಅದಕ್ಕೂ ಮೊದಲು ಅದೇ ಮನೆಯಲ್ಲಿ ಇನ್ನೊಂದು ಪೇಚಾಟವಾಗಿತ್ತು. ಮನೆಯಲ್ಲಿ ಯಾರನ್ನು ಪ್ರಶ್ನೆ ಕೇಳಬೇಕೆಂದು ನಾವು ಆರಿಸುವ ಹಾಗಿಲ್ಲ. ಯಾರು ಮಾತುಗಾರರೋ ಅವರನ್ನೇ ಹಿಡಿದುಕೊಂಡರೆ ಸಮಾಜದಲ್ಲಿ ಬರೀ ಮಾತುಗಾರರೇ ಇದ್ದಾರೆ ಅಂತಾಗುತ್ತದೆ. ಅದಕ್ಕೆ ನಿಯಮವೆಂದರೆ, ದೊಡ್ಡವರಲ್ಲಿ ಯಾರ ಹುಟ್ಟುಹಬ್ಬ ಮುಂದೆ ಬೇಗ ಬರುತ್ತದೋ ಅವರನ್ನೇ ಕೇಳಬೇಕು.

"ನಿಮ್ಮಿಬ್ಬರಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತೆ ಸಾರ್?" ಅಂದೆ.

"ಯಾವ ಹುಟ್ಟುಹಬ್ಬ? ರೆಕಾರ್ಡಿಂದೋ, ನಿಜದ್ದೋ?" ಅಂದರು ಪ್ರೊಫೆಸರು.

"ರೆಕಾರ್ಡಿನ ಪ್ರಕಾರ ಇವರು ನನಗಿಂತ ಚಿಕ್ಕೋರು ಕಣ್ರೀ" ಅಂತ ಹೆಂಡತಿ ನಡುವೆ ಬಂದರು. "ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಬಾಯಿಗೆ ಬಂದ ತಾರೀಖು ಬರ್ಕೊಂಡ್ಬಿಟ್ರು."

"ಮೇಷ್ಟ್ರು ನಿಂಗೂ ಹಾಗೇ ಬರೆದಿದ್ದು, ಸುಮ್ನಿರೆ. ನೋಡಿ, ನಕ್ಷತ್ರದ ಪ್ರಕಾರ ನಂದು ಬರೋ ವಾರ. ನಿಜವಾದ ತಾರೀಖು ನೋಡಿದ್ರೆ ಇವಳದ್ದು ಮೊದಲು."

ನಾನು ಹೊರಗೆ ಬಂದು ಜೂಡಿಗೆ ಫೋನ್ ಮಾಡಿದೆ. "ಮೇಡಂ, ಇಲ್ಲಿ ಆರು ಹುಟ್ಟುಹಬ್ಬ ಇದೆ, ಯಾವುದನ್ನು ಹಿಡಿಯಲಿ?"

"ಆ ಮನೆಯಲ್ಲಿ ಎಷ್ಟು ಜನ?"

"ಇಬ್ಬರು."

ಆ ಕಡೆಯಿಂದ ನಿಯಮದ ಪುಸ್ತಕದ ಹಾಳೆ ಮಗುಚುವ ಸದ್ದು ಕೇಳಿಸಿತು. ಕೊನೆಗೆ, "ಪಾಸ್‌ಪೋರ್ಟಿನಲ್ಲಿರುವುದನ್ನು ಹಿಡಿ" ಅಂದಳು. ಆಯ್ಕೆಯಾದದ್ದು ಪ್ರೊಫೆಸರು. ಉತ್ತರ ಕೊಟ್ಟದ್ದು ಬಹುಪಾಲು ಅವರ ಹೆಂಡತಿಯೇ. ಅದು ನನ್ನ ತಪ್ಪು. ಪ್ರಶ್ನೆ ಕೇಳುವಾಗ ಮೂರನೆಯವರು ಕೋಣೆಯಲ್ಲಿ ಇರಬಾರದು ಅನ್ನುವುದು ಈ ಕೆಲಸದ ಮೊದಲನೇ ನಿಯಮ. ಬಿಸಿ ಕಾಫಿ ತಂದಿಟ್ಟವರನ್ನು ಎದ್ದು ಹೋಗಿ ಅನ್ನುವುದು ಹೇಗೆ ಅಂತ ಅಮೆರಿಕದವರು ಬರೆದಿರಲಿಲ್ಲ. ಪ್ರೊಫೆಸರರನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಎಲ್ಲವನ್ನೂ ಮೊದಲಿನಿಂದ ಇನ್ನೊಂದು ಸಲ ಕೇಳಿ ಬರೆದುಕೊಂಡೆ.

ನಾನು ಸೇರಿದಾಗ ಎಲ್ಲ ಕಾಗದದ ಫಾರಂ, ತೋಳಿನ ಕೆಳಗೆ ಕಟ್ಟು ಇಟ್ಟುಕೊಂಡು ತಿರುಗಬೇಕಿತ್ತು. ಆಮೇಲೆ ಟ್ಯಾಬ್ಲೆಟ್ ಬಂತು. ಜನರ ಮನೆಗೂ ಏನೇನೋ ಬಂತು. ಕೊನೆಕೊನೆಗೆ ಬಾಗಿಲು ತೆಗೆಯುವವರೇ ಇಲ್ಲವಾಗಿ, ಬೆಲ್ಲೇ ಮಾತಾಡುವುದಕ್ಕೆ ಶುರುವಾಯಿತು. ಒಂದು ಮಧ್ಯಾಹ್ನ ಬೆಲ್ ಒತ್ತಿದರೆ ಅದರೊಳಗಿಂದಲೇ, "ಹೇಳಿ ಅಂಕಲ್" ಅಂತ ಅಚ್ಚ ಬೆಂಗಳೂರು ಕನ್ನಡ. ನಾನು ಕೈ ಮುಗಿದು ಸರ್ವೇಯ ಉದ್ದೇಶವನ್ನೆಲ್ಲ ವಿವರಿಸಿದೆ. ಬಿಸಿಲಿನಲ್ಲಿ ಹತ್ತು ನಿಮಿಷ. ಕೊನೆಗೆ, "ಬಾಗಿಲು ತೆಗೀರಿ ಸಾರ್" ಅಂದೆ.

"ಮನೇಲಿ ಯಾರೂ ಇಲ್ಲ ಅಂಕಲ್."

"ಮತ್ತೆ ಮಾತಾಡ್ತಿರೋದು ಯಾರಪ್ಪ?"

"ನಾನು ಆಫೀಸಲ್ಲಿದೀನಿ, ಮ್ಯಾಕ್ವೆರಿ ಪಾರ್ಕಲ್ಲಿ. ನಿಮ್ಮ ಶೂ ಲೇಸ್ ಬಿಚ್ಚಿದೆ ನೋಡಿ."

ಅವನ ಹೆಸರು ನವೀನ, ಐಟಿಯವನು. ಆಮೇಲೆ ಅವನ ಆಫೀಸಿನ ಕೆಳಗೇ ಹೋಗಿ, ಊಟದ ಬಿಡುವಿನಲ್ಲಿ ಹಿಡಿದು, ಬೆಂಚಿನ ಮೇಲೆ ಕೂರಿಸಿ ಉತ್ತರ ತೆಗೆದುಕೊಂಡೆ. ನಾನು ಬಿಟ್ಟ ಮನೆ ಅಂತ ಒಂದೂ ಇಲ್ಲ. ಈ ಮಾತನ್ನು ಎದೆ ಮುಟ್ಟಿಕೊಂಡು ಹೇಳುತ್ತೇನೆ, ಯಾಕೆಂದರೆ ಒಂದು ಸಲ ಅದೇ ಮಾತಿಗೆ ಕುತ್ತು ಬಂತು.

ನಮ್ಮ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಒಂದರಿಂದ ಐದರೊಳಗಿನ ನಂಬರು. ಒಂದು ಅಂದರೆ ಸ್ವಲ್ಪವೂ ತೃಪ್ತಿ ಇಲ್ಲ, ಐದು ಅಂದರೆ ಪೂರ್ತಿ ತೃಪ್ತಿ. ಕಾರ್ಡು ಕೈಗೆ ಕೊಟ್ಟು ಕೇಳುವುದು. ಬಿಳಿಯರು ತಟ್ಟನೆ "ಫೋರ್" ಅನ್ನುತ್ತಾರೆ. ನಮ್ಮವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ವಾಪಸ್ಸು ಕೊಟ್ಟು, "ಪರವಾಗಿಲ್ಲ" ಅನ್ನುತ್ತಾರೆ.

ನಮ್ಮವರ ಕಷ್ಟ ನನಗೆ ಗೊತ್ತು. ಚೆನ್ನಾಗಿದೆ ಅಂದರೆ ದೃಷ್ಟಿಯಾಗುತ್ತದೆ, ಚೆನ್ನಾಗಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ. ಎರಡರ ನಡುವೆ ದೇವರು ಒಂದು ಪದ ಕೊಟ್ಟಿದ್ದಾನೆ. ಆದರೆ ಅದರ ಬೆಲೆ ಒಂದೇ ಅಲ್ಲ. ಬೀಗರ ಮನೆಯ ಉಪ್ಪಿಟ್ಟು ಹೇಗಿತ್ತು ಅಂದಾಗ ಬರುವ ಪರವಾಗಿಲ್ಲಕ್ಕೆ ಎರಡು ಕೊಡಬಹುದು. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನು ಹಲ್ಲು ಕಚ್ಚಿಕೊಂಡು ಅನ್ನುವುದಕ್ಕೆ ಒಂದು. ಪಕ್ಕದ ಮನೆಯ ಹುಡುಗಿ ರ‍್ಯಾಂಕು ಬಂದಳಂತೆ ಅಂದಾಗ ಹುಬ್ಬು ಮೇಲೆ ಹೋಗಿ "ಪರವಾಗಿಲ್ವೇ!" ಅಂತ ಬರುತ್ತದಲ್ಲ, ಅದಕ್ಕೆ ಐದೂ ಸಾಲದು.

ನಂಬರು ಹೇಳದವರಿಗೆ ಮತ್ತೆ ಕಾರ್ಡು ತೋರಿಸಿ, ನಂಬರನ್ನೇ ಹೇಳಿಸಬೇಕು. ನಿಯಮ ಅದು. ನಾನು ಹಾಗೆ ಮಾಡುತ್ತಿರಲಿಲ್ಲ. ಟಿಕೆಟ್ ತಗೊಳ್ಳದವನನ್ನು ಅವನು ಕಿಟಕಿಯಾಚೆ ನೋಡುವ ರೀತಿಯಲ್ಲೇ ಗುರುತು ಹಿಡಿದ ಮನುಷ್ಯ ನಾನು. ನನಗೆ ಮುಖ ಓದಲು ಬರುವುದಿಲ್ಲವೇ? ಎರಡನೇ ಸಲ ಕೇಳುವುದು ಅವರಿಗೂ ಅವಮಾನ, ನನಗೂ ಅವಮಾನ ಅಂದುಕೊಂಡೆ. ಧ್ವನಿ ಕೇಳಿ, ಮುಖ ನೋಡಿ ನಾನೇ ನಂಬರು ಹಾಕಿದೆ. ಜನ ಆಡಿದ ಮಾತನ್ನು ಹಾಗೆಯೇ ಬರೆಯುವುದಕ್ಕೆ ಟ್ಯಾಬ್ಲೆಟಿನಲ್ಲಿ ಒಂದು ಖಾಲಿ ಜಾಗ ಇತ್ತು. ಅಲ್ಲಿ ಪ್ರಾಮಾಣಿಕವಾಗಿ 'ಪರವಾಗಿಲ್ಲ' ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ.

ಒಂದು ಸೋಮವಾರ ಜೂಡಿ ಮ್ಯಾಕ್ವೆರಿ ಪಾರ್ಕಿಗೆ ಕರೆಸಿದಳು. ಮೇಜಿನ ಮೇಲೆ ಕಂಪ್ಯೂಟರು ಕಕ್ಕಿದ ಉದ್ದದ ಕಾಗದ. ಅದನ್ನು ನನ್ನ ಕಡೆ ತಿರುಗಿಸಿದಳು.

"ಇದು ಏನು ಪದ?"

"ಪರವಾಗಿಲ್ಲ."

"ಒಂದೇ ಪದ. ಇಲ್ಲಿ ಎರಡು ಅಂತ ಹಾಕಿದ್ದೀಯ. ಇಲ್ಲಿ ಐದು. ಇಲ್ಲಿ ಒಂದು. ಮನೆಗೆ ಹೋಗಿ ಕೇಳಿದ್ದೀಯೋ, ಇಲ್ಲ ಯಾವುದಾದರೂ ಫುಟ್‌ಪಾತಿನ ಮೇಲೆ ಕೂತು ತುಂಬಿಸಿದ್ದೀಯೋ?"

ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮನೆಗೇ ಹೋಗದೆ ಉತ್ತರ ಸೃಷ್ಟಿಸುವವರು ಇದ್ದಾರೆ. ಅವರನ್ನು ಹಿಡಿಯುವುದೇ ಜೂಡಿಯ ಕೆಲಸ. ನನಗೆ ಸಿಟ್ಟು ಬಂದರೆ ಇಂಗ್ಲಿಷು ಮುರಿಯುತ್ತದೆ. "ನೈನ್ತ್ ಕ್ಲಾಸ್, ಯೆಸ್. ಥೀಫ್, ನೋ" ಅಂದೆ. ಪರವಾಗಿಲ್ಲದ ಬಗೆಗಳನ್ನೆಲ್ಲ ವಿವರಿಸಿದೆ, ಅಭಿನಯಿಸಿಯೂ ತೋರಿಸಿದೆ. ಕಾಲು ತುಳಿಸಿಕೊಂಡವನನ್ನು ಮಾಡಿ ತೋರಿಸುವಾಗ ಪಕ್ಕದ ಕೋಣೆಯವರು ಬಂದು, ಯಾರಿಗಾದರೂ ಪೆಟ್ಟಾಯಿತೇ ಅಂತ ಕೇಳಿಕೊಂಡು ಹೋದರು. ಜೂಡಿ ನಗಲಿಲ್ಲ.

"ನಿನ್ನ ಫಾರಂಗಳಲ್ಲಿ ಮೂರನ್ನು ಆರಿಸಿದ್ದೇನೆ. ನಾನೇ ನಿನ್ನ ಜೊತೆ ಬರುತ್ತೇನೆ. ಅದೇ ಭಾಷೆಯಲ್ಲಿ, ಅದೇ ಪ್ರಶ್ನೆ ಕೇಳು. ಈ ಸಲ ನಂಬರನ್ನೇ ಹೇಳಿಸು. ಒಂದು ತಪ್ಪಿದರೂ ನಿನ್ನ ಕನ್ನಡದ ಫಾರಂ ಎಲ್ಲ ಕಸದ ಬುಟ್ಟಿಗೆ. ನೀನೂ ಬ್ಯಾಡ್ಜು ಕೊಟ್ಟು ಹೋಗಬೇಕು."

ಮನೆಗೆ ಬಂದು ಹೇಳಿದರೆ ಸರೋಜ, "ಎರಡನೇ ಸಲ ಕೇಳೋಕೆ ನಿಮಗೇನು ಬಾಯಿ ನೋಯ್ತಿತ್ತಾ? ನಾನು ಪೇಶೆಂಟಿಗೆ ನೋವು ಎಷ್ಟಿದೆ ಅಂತ ದಿನಾ ಹತ್ತು ಸಲ ಕೇಳ್ತೀನಿ" ಅಂದಳು.

"ಮುಖ ನೋಡಿದ್ರೆ ಗೊತ್ತಾಗಲ್ವಾ?"

"ನನ್ನ ಮುಖ ನೋಡಿ. ಈಗ ಎಷ್ಟು ನಂಬರು?"

ನಾನು ತಟ್ಟೆ ಎಳೆದುಕೊಂಡು ಊಟಕ್ಕೆ ಕೂತೆ.

ಮೊದಲನೆಯದು ಪ್ಯಾರಮಟ್ಟಾದ ಪ್ರೊಫೆಸರರ ಮನೆ. ಜೂಡಿ ಪಕ್ಕದಲ್ಲಿ ಪೆನ್ಸಿಲು ಹಿಡಿದು ಕೂತಳು. ದಾಂಪತ್ಯ ಜೀವನದಲ್ಲಿ ಎಷ್ಟು ತೃಪ್ತಿ ಅನ್ನುವುದು ಪ್ರಶ್ನೆ.

"ಪರವಾಗಿಲ್ಲ" ಅಂದರು ಪ್ರೊಫೆಸರು, ಹೋದ ಸಲದ ಹಾಗೆಯೇ ಮುಗುಳ್ನಕ್ಕು.

"ಸಾರ್, ದಮ್ಮಯ್ಯ, ನಂಬರ್ ಹೇಳಿ."

"ಫೋರ್" ಅಂತ ಅವರೇ ಜೂಡಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ಬಾಗಿ, "ಐದು ಅಂದ್ರೆ ತಲೆ ಮೇಲೆ ಕೂತ್ಕೊತಾಳೆ" ಅಂದರು.

"ಕೇಳಿಸ್ತು!" ಅಂತ ಅಡುಗೆಮನೆಯಿಂದ ಬಂತು.

ಫಾರಮ್ಮಿನಲ್ಲಿ ನಾಲ್ಕೇ ಇತ್ತು. ಎರಡನೆಯದು ನವೀನ. ಅವನ ಕೆಲಸದ ತೃಪ್ತಿಗೆ ನಾನು ಹಾಕಿದ್ದು ಮೂರು. ಅದೇ ಬೆಂಚಿನ ಮೇಲೆ ಅವನು, "ತ್ರೀ ಅಂಕಲ್. ಮಾರ್ಟ್‌ಗೇಜ್ ಇರೋವರೆಗೂ ಅದಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ, ಮ್ಯಾನೇಜರ್ ಇರೋವರೆಗೂ ಮೇಲೆ ಹತ್ತೋ ಹಾಗಿಲ್ಲ" ಅಂದ. ಜೂಡಿ ಎರಡನೇ ಟಿಕ್ ಹಾಕಿದಳು. ನಾನು ಆಕಾಶ ನೋಡಿದೆ. ಮುಖ ಓದುವ ವಿದ್ಯೆ ಅಂದರೆ ಇದು ಅಂತ ಒಳಗೊಳಗೇ ಬೀಗಿದೆ.

ಮೂರನೆಯದು ಮೆಲ್ಬರ್ನಿನದು. ಡ್ಯಾಂಡಿನಾಂಗ್‌ನಲ್ಲಿ ನಾನು ಹದಿನೈದು ದಿನ ಸುತ್ತಿದ್ದಾಗ ತೆಗೆದುಕೊಂಡದ್ದು. ಆಕೆ ಗಿರಿಜಾ, ದಾವಣಗೆರೆಯವಳು. ಊರಿನಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರಾಗಿದ್ದವಳು, ಇಲ್ಲಿ ಸೊಪ್ಪು ತರಕಾರಿ ಪ್ಯಾಕ್ ಮಾಡುವ ಫ್ಯಾಕ್ಟರಿಯಲ್ಲಿದ್ದಳು. ನನಗೆ ಚೆನ್ನಾಗಿ ನೆನಪಿತ್ತು. ಮಂಡಕ್ಕಿ ಕೊಟ್ಟಿದ್ದಳು, ಒಬ್ಬಳೇ ಇದ್ದಳು. ನಾನು ಹೋದಾಗ ಫೋನಿನಲ್ಲಿ ಯಾವುದೋ ಕನ್ನಡ ಧಾರಾವಾಹಿ ಓಡುತ್ತಿತ್ತು, ಹೆಂಗಸರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಫೋನು ಬೋರಲು ಹಾಕಿ ಬಂದು ಕೂತಳು. ಕೆಲಸದಲ್ಲಿ ಎಷ್ಟು ತೃಪ್ತಿ ಅಂದದ್ದಕ್ಕೆ ಮುಖ ಅರಳಿಸಿಕೊಂಡು, ಗಟ್ಟಿಯಾಗಿ, "ಪರವಾಗಿಲ್ರೀ!" ಅಂದಿದ್ದಳು. ನಾನು ಹಿಂದೆಮುಂದೆ ನೋಡದೆ ನಾಲ್ಕು ಹಾಕಿದ್ದೆ. ಐದೇ ಹಾಕಬೇಕಿತ್ತೇನೋ ಅಂತಲೂ ಆಮೇಲೆ ಅನ್ನಿಸಿತ್ತು.

ಜೂಡಿಯೂ ನಾನೂ ವಿಮಾನ ಇಳಿದು, ಟ್ರೈನ್ ಹತ್ತಿ ಡ್ಯಾಂಡಿನಾಂಗಿಗೆ ಹೋದೆವು. ಗಿರಿಜಾಳ ಗಂಡ ಡ್ಯೂಟಿಗೆ ಹೋಗಿದ್ದ. "ಬರ್ರಿ ಅಂಕಲ್. ಸಿಟ್, ಸಿಟ್ ಮೇಡಂ" ಅಂತ ಆಕೆ ಕುರ್ಚಿ ಒರೆಸಿದಳು. ಅವಳ ಇಂಗ್ಲಿಷು ಅಷ್ಟೇ. ನಾನು ಕಾರ್ಡು ಕೊಟ್ಟು ಅದೇ ಪ್ರಶ್ನೆ ಕೇಳಿ, "ಈ ಸಲ ನಂಬರ್ ಹೇಳಮ್ಮ" ಅಂದೆ.

ಅವಳು ಕಾರ್ಡಿನ ಮೇಲೆ ಬೆರಳಿಟ್ಟುಕೊಂಡು ಓದಿ, "ಎರಡು" ಅಂದಳು.

ನಾನು ಕಾರ್ಡಿನ ಮೇಲೆ ಬಾಗಿ ನೋಡಿದೆ. "ಯಾವ ಕಡೆಯಿಂದ ಎರಡು?"

"ಕೆಳಗಿಂದ್ರೀ."

"ಏನಮ್ಮಾ ಇದು! ಅವತ್ತು ಅಷ್ಟು ಖುಷಿಯಾಗಿ ಪರವಾಗಿಲ್ಲ ಅಂದಿದ್ದೆ?"

"ಅವತ್ತು ಸ್ಟಾಫ್ ರೂಮ್ ಪೂರ್ತಿ ಕೇಳಿಸ್ಕೊಂತಿತ್ತಲ್ರೀ!"

"ಯಾವ ಸ್ಟಾಫ್ ರೂಮು?"

"ಫೋನ್ ಮ್ಯಾಲೆ. ನಮ್ಮ ಹೈಸ್ಕೂಲಿನ ಟೀಚರ್ಸೆಲ್ಲ ಇಂಟರ್‌ವಲ್ ಬಿಟ್ಟಾಗ ವಿಡಿಯೋ ಕಾಲ್ ಮಾಡ್ತಾರ್ರೀ. ನೀವು ಬಂದ್ರಿ ಅಂತ ಬೋರಲು ಹಾಕಿದ್ದೆ, ಕಟ್ ಮಾಡಿರಲಿಲ್ಲ."

"ನಾನು ಧಾರಾವಾಹಿ ಅಂದ್ಕೊಂಡಿದ್ನಲ್ಲೇ ತಾಯಿ!"

"ಧಾರಾವಾಹಿನೇ ಬಿಡ್ರಿ, ದಿನಾ ಇರ್ತೈತಿ" ಅಂತ ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಬಿಳಿ ಕೋಟು, ತಲಿಗೆ ಟೊಪ್ಪಿಗಿ ಹಾಕ್ಕಂಡ ಫೋಟೋ ಕಳಿಸಿದ್ದೆ. ಅವ್ರೆಲ್ಲ ನಾನು ಲ್ಯಾಬ್‌ನಾಗ ಇದೀನಿ ಅಂತ ತಿಳ್ಕಂಡ್ರು. ನಾನು ಅಲ್ಲ ಅನ್ನಲಿಲ್ಲ. ಅಲ್ಲಿ ಮಕ್ಕಳಿಗೆ ಎಲೆಯ ಭಾಗ ಪಾಠ ಮಾಡ್ತಿದ್ದೆ ಅಂಕಲ್. ಇಲ್ಲಿ ಎಲೆ ತೊಳೀತೀನಿ."

ಜೂಡಿಗೆ ಈ ಮಾತಿನಲ್ಲಿ ಸ್ಟಾಫ್ ರೂಮು, ಫೋನು, ಲ್ಯಾಬು ಬಿಟ್ಟು ಬೇರೇನೂ ಅರ್ಥವಾಗಿರಲಿಲ್ಲ. ಪೆನ್ಸಿಲಿನ ತುದಿ ಕಾಗದಕ್ಕೆ ತಾಗಿಸಿ, "ಎಷ್ಟು ಅಂದಳು?" ಅಂತ ಕೇಳಿದಳು.

ಹುಡುಗರೇ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಕೋಣೆಯಲ್ಲಿ ಕನ್ನಡವೂ ಇಂಗ್ಲಿಷೂ ಗೊತ್ತಿದ್ದವನು ನಾನೊಬ್ಬನೇ. ಮಾತನ್ನು ರೆಕಾರ್ಡ್ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿರಲಿಲ್ಲ. 'ಫೋರ್' ಅಂದಿದ್ದರೆ ಮೂರನೇ ಟಿಕ್ ಬೀಳುತ್ತಿತ್ತು, ಬ್ಯಾಡ್ಜು ಉಳಿಯುತ್ತಿತ್ತು, ನನ್ನ ಮುಖ ಓದುವ ವಿದ್ಯೆಯ ಕೀರ್ತಿಯೂ ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಅದು ಬಂದಿತ್ತು ಕೂಡ. ಬರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಎಲೆ ತೊಳೆಯುತ್ತೇನೆ ಅಂತ ಆ ಹೆಣ್ಣುಮಗಳು ಊರಿನ ಒಬ್ಬರ ಎದುರಿಗೂ ಹೇಳಿರಲಿಲ್ಲ, ನನ್ನ ಎದುರಿಗೆ ಹೇಳಿದ್ದಳು. ಅದನ್ನು ನಾನು ಮತ್ತೆ ಲ್ಯಾಬ್ ಮಾಡಿ ಕಳಿಸುವುದು ಹೇಗೆ?

"ಟು" ಅಂದೆ. "ಐ ರೋಟ್ ಫೋರ್. ಐ ಆಮ್ ರಾಂಗ್, ಮೇಡಂ." ಫೋನಿನ ಸಂಗತಿಯನ್ನೂ, ಧಾರಾವಾಹಿಯ ಸಂಗತಿಯನ್ನೂ ಒಂದೂ ಬಿಡದೆ ಹೇಳಿದೆ.

ಜೂಡಿ ಎರಡು ಅಂತ ಬರೆದುಕೊಂಡಳು. ಗಿರಿಜಾ ನಮ್ಮಿಬ್ಬರ ಮುಖ ನೋಡಿ, "ಅಂಕಲ್, ಇದು ಎಲ್ಲಿಗೆ ಹೋಗ್ತೈತಿ?" ಅಂದಳು.

"ಅಮೆರಿಕಕ್ಕೆ ಕಣಮ್ಮ. ಹೆಸರು ಹೋಗಲ್ಲ, ಬರೀ ನಂಬರು."

"ದಾವಣಗೆರಿಗೆ ಹೋಗಂಗಿಲ್ಲ, ಹೌದಿಲ್ಲೋ?"

"ಇಲ್ಲಮ್ಮ, ಖಂಡಿತ ಇಲ್ಲ."

"ಹಂಗಾರೆ ಒಂದು ಅಂತ ಬರೀರಿ."

"ಈಗೇನಂತೆ?" ಅಂದಳು ಜೂಡಿ.

ನಾನು ನೀರಿಳಿದ ಮುಖದಲ್ಲಿ, "ನೌ ಒನ್" ಅಂದೆ.

ಜೂಡಿ ಎರಡನ್ನು ಹೊಡೆದುಹಾಕಿ ಒಂದು ಬರೆದಳು. ಪುಸ್ತಕ ಮುಚ್ಚಿ, "ಬೇಗ ಏಳು. ಆಕೆ ಟೀ ತಂದರೆ ಇದು ಸೊನ್ನೆಗೆ ಇಳಿಯುತ್ತದೆ" ಅಂದಳು. ಗಿರಿಜಾ ಬಿಡಲಿಲ್ಲ. ಟೀ ಕುಡಿದೆವು, ಮಂಡಕ್ಕಿಯನ್ನೂ ತಿಂದೆವು. ಖಾರಕ್ಕೆ ಜೂಡಿಯ ಕಣ್ಣಲ್ಲಿ ನೀರು ಬಂದು, ಗಿರಿಜಾ ಅವಳ ಬೆನ್ನು ಸವರಿದಳು.

ಡ್ಯಾಂಡಿನಾಂಗ್ ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯುವಾಗ ನಾನು ಬ್ಯಾಡ್ಜು ಬ್ಯಾಗಿನಿಂದ ತೆಗೆದು ಅವಳ ಮುಂದೆ ಹಿಡಿದೆ. ಕೇಳಿ ಇಸಿದುಕೊಳ್ಳುವ ತನಕ ಯಾಕೆ ಕಾಯಬೇಕು? ಅವಳು ಅದನ್ನು ಮುಟ್ಟಲಿಲ್ಲ.

"ಫುಟ್‌ಪಾತಿನ ಮೇಲೆ ಕೂತು ತುಂಬಿಸುವವನು ಟು ಅನ್ನುತ್ತಿರಲಿಲ್ಲ" ಅಂದಳು. "ಎರಡನೇ ಸಲ ಒನ್ ಅಂತಂತೂ ಅನ್ನುತ್ತಿರಲಿಲ್ಲ. ನೀನು ಕಳ್ಳನಲ್ಲ. ಜಂಬದವನು. ಜಂಬಕ್ಕೆ ನಮ್ಮಲ್ಲಿ ಔಷಧಿ ಇದೆ."

ಔಷಧಿ ಏನೆಂದರೆ, ನಾನು ನಂಬರು ಹೇಳಿಸದೆ ಬಿಟ್ಟ ಪ್ರತಿಯೊಬ್ಬರ ಹತ್ತಿರವೂ ವಾಪಸ್ಸು ಹೋಗಿ, ಕಾರ್ಡು ತೋರಿಸಿ, ನಂಬರನ್ನೇ ಬಾಯಿಬಿಡಿಸಿಕೊಂಡು ಬರಬೇಕು. ಮೂರು ತಿಂಗಳು ತಿರುಗಿದೆ. ಎಷ್ಟೋ ಕಡೆ ನನ್ನ ನಂಬರೇ ಸರಿಯಿತ್ತು, ಎಷ್ಟೋ ಕಡೆ ಇರಲಿಲ್ಲ. ಎಲ್ಲಿ ಯಾವುದು ಅಂತ ಮೊದಲೇ ಊಹಿಸಲು ನೋಡಿದೆ, ಅದೂ ಆಗಲಿಲ್ಲ. ಈಗ ಸರ್ವೇ ಜನರ ಫೋನಿಗೇ ಲಿಂಕಾಗಿ ಹೋಗುತ್ತದೆ, ಅವರೇ ಒತ್ತಿ ಕಳಿಸುತ್ತಾರೆ. ಒತ್ತುವಾಗ ಭುಜದ ಹಿಂದೆ ಯಾರು ನಿಂತಿರುತ್ತಾರೋ ಯಾರಿಗೆ ಗೊತ್ತು? ನೀವು ಬಾಗಿಲು ತಟ್ಟಿ ಹೋಗುವುದಿದ್ದರೆ, ಮೊದಲು ಫೋನು ಎಲ್ಲಿದೆ ಅಂತ ಕೇಳಿ. ಆಮೇಲೆ ಎರಡನೇ ಸಲ ಕೇಳಿ. ಅವಮಾನವೇನೂ ಆಗುವುದಿಲ್ಲ.

ಅವತ್ತು ಡ್ಯಾಂಡಿನಾಂಗಿನಿಂದ ಟ್ರೈನು ಹೊರಡುವ ಮೊದಲು ಜೂಡಿ ಗಿರಿಜಾಳ ಫಾರಮ್ಮಿನ ಪ್ರಿಂಟನ್ನು ಸ್ಟೇಷನ್ನಿನ ಬೆಂಚಿನ ಮೇಲಿಟ್ಟು, ನಾನು ಹಾಕಿದ್ದ ನಾಲ್ಕನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ, 'ತಪ್ಪು ನನ್ನದು' ಅಂತ ಬರೆದು ಸಹಿ ಹಾಕು ಅಂದಳು. ಬರೆದೆ. ಪೂರ್ತಿ ಹೆಸರು ಹಾಕಿದೆ, ಒಂದಕ್ಷರ ಬಿಡಲಿಲ್ಲ.

ಸಿಡ್ನಿಗೆ ಬಂದು ಸರೋಜಳಿಗೆ ನಡೆದದ್ದೆಲ್ಲ ಹೇಳಿದೆ. ಕೆಲಸ ಉಳಿಯಿತು ಅಂದಾಗ ಅವಳು ಖುಷಿಪಡುತ್ತಾಳೆ ಅಂದುಕೊಂಡರೆ, ಸಹಿಯ ಮಾತು ಬಂದ ಕೂಡಲೇ ಕೈಲಿದ್ದ ಸೌಟು ಕೆಳಗಿಟ್ಟಳು.

"ಮದುವೆಯಾಗಿ ಇಷ್ಟು ವರ್ಷಕ್ಕೆ 'ತಪ್ಪು ನನ್ನದು' ಅಂತ ಒಂದು ಸಲ ಬಾಯಲ್ಲಿ ಬಂದಿಲ್ಲ. ಅದನ್ನ ಬರೆದು, ಸಹಿ ಬೇರೆ ಹಾಕಿ, ಆ ಜೂಡಿ ಕೈಲಿ ಕೊಟ್ಟು ಬಂದಿದೀರಲ್ಲ. ಒಂದು ಜೆರಾಕ್ಸ್ ಮಾಡಿಸ್ಕೊಂಡು ಬರೋಕಾಗ್ಲಿಲ್ವೇನ್ರೀ?"